ಕಣದ ಮೇಲೆ ಹಾಸಿದ ಹುಲ್ಲು

ನನ್ನ ಮನೆಯ ಮುಂದೆ ಹುಲ್ಲಿನ ಒಂದು ಅಂಗಳವಿದೆ. ಆ ಹುಲ್ಲು ಬೆಳೆಯುವುದಿಲ್ಲ, ಒಣಗುವುದಿಲ್ಲ, ಮಳೆ ಬಿದ್ದರೂ ಯಾವ ವಾಸನೆಯೂ ಏಳುವುದಿಲ್ಲ. ನಡುವೆ ಒಂದು ಕುಳಿ, ಕುಳಿಯಲ್ಲಿ ಪುಟ್ಟ ಬಾವುಟ. ಕೋಲಿನಿಂದ ಚೆಂಡನ್ನು ಮೆಲ್ಲಗೆ ತಳ್ಳಿ ಕುಳಿಗೆ ಬೀಳಿಸಬೇಕು. ಗಾಲ್ಫ್ ಆಟದ ಕೊನೆಯ ತುಣುಕು ಮಾತ್ರ ಅದು. ಆ ಹುಲ್ಲಿನ ಕೆಳಗೆ ನಮ್ಮಣ್ಣನ ರಾಗಿ ಕಣ ಇದೆ.

ಅಪ್ಪ ತೀರಿಕೊಂಡ ಮೇಲೆ ಎಲ್ಲವೂ ಪಾಲಾಯಿತು. ರಾಜಘಟ್ಟದ ಕಡೆಯ ಹೊಲಗಳು ಅಣ್ಣನಿಗೆ, ಊರಂಚಿನ ಈ ಜಾಗ ನನಗೆ. ತಂಗಿಗೆ ಪಾಲು ಕೊಡಬೇಕಾದಾಗ ಮುಖ ಗಂಟಿಕ್ಕುವ ಅಣ್ಣಂದಿರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ನಮ್ಮಣ್ಣ ಹಾಗೆ ಮಾಡಲಿಲ್ಲ. ಆದರೆ ಕಣ ಇದ್ದದ್ದು ನನ್ನ ಪಾಲಿನ ಜಾಗದಲ್ಲಿ. ಕಾಗದದ ಪ್ರಕಾರ ನನ್ನದು, ಬಳಕೆಯಲ್ಲಿ ಅವನದು. ಅದರ ಬಗ್ಗೆ ಯಾರೂ ಮಾತೆತ್ತಲಿಲ್ಲ. ಸುಗ್ಗಿ ಬಂದಾಗ ಅಣ್ಣ ಬಂದು ಕಣ ಮಾಡುತ್ತಿದ್ದ. ತೆನೆ ಬಡಿದು, ತೂರಿ, ಚೀಲ ಕಟ್ಟುವವರೆಗೂ ಅವನ ಊಟ, ಕಾಫಿ, ಮಧ್ಯಾಹ್ನದ ನಿದ್ದೆ ಎಲ್ಲ ನನ್ನ ಮನೆಯಲ್ಲೇ. ಕೆಲಸವಿಲ್ಲದೆ ಯಾರ ಮನೆಗೂ ಹೋಗುವ ಮನುಷ್ಯ ಅವನಲ್ಲ, ತಂಗಿಯ ಮನೆಗೂ ಅಷ್ಟೆ. ಕಣ ಇದ್ದದ್ದರಿಂದ ನನಗೆ ಅಣ್ಣ ಸಿಗುತ್ತಿದ್ದ. ಇದು ಆಗ ನನಗೆ ಗೊತ್ತಿತ್ತು ಎಂದು ಬರೆದರೆ ಸುಳ್ಳಾಗುತ್ತದೆ.

ಬಾಶೆಟ್ಟಿಹಳ್ಳಿಯ ಒಂದು ಬಟ್ಟೆ ಕಾರ್ಖಾನೆಯಲ್ಲಿ ನಾನು ಮೇಲ್ವಿಚಾರಕಿಯಾಗಿದ್ದೆ. ಹೊರಗಿನಿಂದ ಬಂದ ಅತಿಥಿಗಳ ಜೊತೆ ಒಮ್ಮೆ ದೇವನಹಳ್ಳಿ ಕಡೆಯ ಗಾಲ್ಫ್ ಮೈದಾನಕ್ಕೆ ಹೋಗಬೇಕಾಯಿತು. ದೂರಕ್ಕೆ ಹೊಡೆಯುವುದು ನನ್ನಿಂದಾಗಲಿಲ್ಲ. ಆದರೆ ಕೊನೆಗೆ ಚೆಂಡನ್ನು ಕುಳಿಗೆ ನೂಕುವಾಗ ಎಲ್ಲರೂ ಸುಮ್ಮನಾದರು. ಜೀವಮಾನವಿಡೀ ಮೆಷಿನ್ನುಗಳ ಸದ್ದಿನಲ್ಲಿದ್ದವಳಿಗೆ ಆ ಮೌನ ಹಿಡಿಸಿಬಿಟ್ಟಿತು. ಹಿಡಿಸಿದ್ದು ಮೌನವೋ, ಆ ಜನರ ನಡುವೆ ನಿಂತ ನಾನೋ, ಈಗ ಖಚಿತವಿಲ್ಲ. ಕೆಲಸ ಬಿಟ್ಟ ಮೇಲೆ ಮನೆಯ ಮುಂದೆಯೇ ಅಂಥ ಹುಲ್ಲಿನ ಅಂಗಳವೊಂದು ಬೇಕೆನಿಸಿತು. ನನ್ನ ಗಂಡ ನಕ್ಕು, ‘ಈ ಊರಲ್ಲಿ ಕೋಲ್ ಹಿಡ್ಕೊಂಡ್ ಅಂಗಳಕ್ಕೆ ಇಳಿದ್ರೆ ಕೋಳಿಗಳು ಮೊದ್ಲು ಓಡ್ತವೆ ಕಣೇ’ ಅಂದರು.

ಅಣ್ಣನನ್ನು ಕೇಳಿದೆ. ಕಣದ ಜಾಗದಲ್ಲಿ ಹುಲ್ಲು ಹಾಸಿಸುತ್ತೇನೆ ಅಂದಾಗ ಅವನು, ‘ಹಾಸ್ಕೋ, ಅದಕ್ಕೇನಂತೆ’ ಅಂದ. ಸುಗ್ಗಿಯ ಬಗ್ಗೆ ಅವನೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಬೆಂಗಳೂರಿನಿಂದ ಹುಲ್ಲು ಹಾಸುವವರು ಬಂದು ನೆಲ ನೋಡಿ, ಮಣ್ಣನ್ನು ಗಟ್ಟಿ ಮಾಡಲು ಯಂತ್ರ ತರುತ್ತೇವೆ ಅಂದರು. ಅಣ್ಣನಿಗೆ ಅದು ಅವಮಾನವೆನಿಸಿತೋ ಏನೋ. ಕಣ ಮಾಡಲು ಯಂತ್ರ ಯಾಕೆ ಎಂದು ತಾನೇ ಮುಂದೆ ಬಂದ. ನೆಲ ಕೆತ್ತಿ, ನೀರು ಬಿಟ್ಟು, ಆರಲು ಬಿಟ್ಟು, ಹಳೆಯ ರೋಣಗಲ್ಲನ್ನು ಟ್ರ್ಯಾಕ್ಟರಿಗೆ ಕಟ್ಟಿ ಸುತ್ತಿಸಿದ. ಉರುಳುವ ಆ ಕಲ್ಲಿನ ಹಿಂದೆ ಹಿಂದೆಯೇ ನಡೆಯುತ್ತ ಅಂಗಾಲಿನಿಂದ ಉಬ್ಬು ತಗ್ಗು ಹುಡುಕಿದ. ನಡುವೆ ಕುಳಿ ಬೇಕೆಂದಾಗ ಅವನ ಮುಖ ಅರಳಿದ್ದು ನೆನಪಿದೆ. ಹಿಂದೆ ಎತ್ತುಗಳನ್ನು ಸುತ್ತಿಸಲು ಕಣದ ನಡುವೆ ಮೇಟಿ ಕಂಬ ನೆಡುತ್ತಿದ್ದರಲ್ಲ, ಅದೇ ಜಾಗದಲ್ಲಿ ಅವನೇ ಹಾರೆ ಹಾಕಿದ. ಕೊನೆಗೆ ಬಕೆಟ್ಟುಗಟ್ಟಲೆ ಸಗಣಿ ಕಲಸಿ ಇಡೀ ನೆಲವನ್ನು ಸಾರಿಸಿದ. ಹುಲ್ಲಿನವರು ಮುಖ ಮುಖ ನೋಡಿಕೊಂಡರು. ನಾನು ಅವರಿಗೆ ಕಣ್ಸನ್ನೆ ಮಾಡಿ, ಇರಲಿ, ಅವನ ಖುಷಿಗೆ ಎಂದೆ. ಆ ಕಣ್ಸನ್ನೆ ಅಣ್ಣನಿಗೆ ಕಂಡಿತ್ತೆ?

ಪ್ಲಾಸ್ಟಿಕ್ಕಿನ ಆ ಹುಲ್ಲು ಬಂದದ್ದು ಲಾರಿಯಲ್ಲಿ, ಚಾಪೆಯಂತೆ ಸುರುಳಿ ಸುತ್ತಿಕೊಂಡು. ಅಣ್ಣ ಒಂದು ಸುರುಳಿಯನ್ನು ತಟ್ಟಿ ನೋಡಿದ. ಇಲ್ಲಿ ನನ್ನ ಬಳಿ ಎರಡು ನೆನಪುಗಳಿವೆ. ಒಂದರಲ್ಲಿ ಅವನು, ಬೇಕಾದಾಗ ಸುತ್ತಿಡಬಹುದು ಅಲ್ಲವೇ ಎಂದು ಕೇಳುತ್ತಾನೆ. ನಾನು ಫೋನಿನಲ್ಲಿ ಮಾತಾಡುತ್ತ ತಲೆಯಾಡಿಸುತ್ತೇನೆ. ಇನ್ನೊಂದರಲ್ಲಿ ಅವನು ಏನೂ ಕೇಳುವುದಿಲ್ಲ, ಸುಮ್ಮನೆ ತಟ್ಟಿ ಹೋಗುತ್ತಾನೆ. ಮೊದಲನೆಯದನ್ನು ನಂಬಲು ಮನಸ್ಸು ಎಳೆಯುತ್ತದೆ, ಅದಕ್ಕೇ ಅದರ ಮೇಲೆ ಅನುಮಾನ. ಮುಂದೆ ನಡೆದದ್ದಕ್ಕೆ ಅದು ತೀರ ಸರಿಯಾಗಿ ಹೊಂದಿಕೊಳ್ಳುತ್ತದೆ. ಅಂಟು ಹಚ್ಚಿ, ಅಂಚಿಗೆ ಮೊಳೆ ಹೊಡೆದು, ಎಳೆಗಳ ನಡುವೆ ಮರಳು ತುಂಬಿ ಗುಡಿಸಿದ ದಿನ ಅಣ್ಣ ಅಲ್ಲಿರಲಿಲ್ಲ. ಅದು ಮಾತ್ರ ನಿಜ.

ಸುಗ್ಗಿಯಲ್ಲಿ ಒಂದು ಬೆಳಿಗ್ಗೆ ರಾಗಿ ತೆನೆ ತುಂಬಿದ ಟ್ರ್ಯಾಕ್ಟರು ಗೇಟಿನ ಮುಂದೆ ನಿಂತಿತು. ಅಣ್ಣ ಇಳಿದು ಟವೆಲ್ ಕೊಡವಿಕೊಂಡು ಒಳಗೆ ಬಂದ.

‘ಬಾಮ್ಮ, ಆ ಕಡೆಯಿಂದ ಒಂದ್ ಕೈ ಹಾಕು. ಸುತ್ತಿ ಗೋಡೆಗೆ ನಿಲ್ಸೋಣ.’

‘ಏನ್ನ?’

‘ಈ ಹುಲ್ನ. ತೂರೋದ್ ಮುಗುದ್ಮೇಲೆ ನಾನೇ ಹಾಸ್ಕೊಟ್ಟೋಯ್ತೀನಿ.’

ಅದನ್ನು ಅಂಟಿಸಿಬಿಟ್ಟಿದ್ದಾರೆ ಅಣ್ಣ ಎಂದೆ. ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಸಿಟ್ಟಿಲ್ಲದೆ, ನಿಜವಾಗಿಯೂ ತಿಳಿದುಕೊಳ್ಳಬೇಕೆಂಬಂತೆ ಕೇಳಿದ: ‘ಮತ್ತೆ ನಾನ್ಯಾಕ್ ಸಾರಿಸ್ದೆ?’

ನಾನು ಮಂಡಿಯೂರಿ ಒಂದು ಮೂಲೆಯ ಮೊಳೆ ಕಿತ್ತೆ. ಅಂಚು ಹಿಡಿದು ಎಳೆದಾಗ ಮರಳು ಚೆಲ್ಲಿತು, ಹುಲ್ಲಿನ ಅಡಿಯ ಬಟ್ಟೆ ಚರ್ರೆಂದು ಹರಿಯಿತು. ಕೆಳಗೆ ಅವನು ಸಾರಿಸಿದ ನೆಲ ಕಂಡಿತು. ಒಂದು ಬಿರುಕೂ ಇರಲಿಲ್ಲ.

‘ಬಿಡು, ಕಿತ್ತೋಯ್ತದೆ,’ ಅಂದ ಅಣ್ಣ. ‘ಆಸೆಪಟ್ಟು ಹಾಕ್ಸಿದ್ದೀಯ.’

ಆಗ ನಾನು, ಕಿತ್ತುಹೋದರೆ ಹೋಗಲಿ, ಇವತ್ತೇ ತೆಗೆಸುತ್ತೇನೆ ಎನ್ನಬಹುದಿತ್ತು. ಎಷ್ಟೋ ಸಲ ಈ ದೃಶ್ಯವನ್ನು ಮನಸ್ಸಿನಲ್ಲಿ ನಡೆಸಿದ್ದೇನೆ. ಪ್ರತಿ ಸಲವೂ ಆ ಮಾತು ಆಡುತ್ತೇನೆ, ಅಣ್ಣ ಬೇಡವೆನ್ನುತ್ತಾನೆ, ಇಬ್ಬರೂ ನಗುತ್ತೇವೆ. ಆ ದಿನ ನಾನು ಆಡಲಿಲ್ಲ. ಆ ಮಾತಿಗಾಗಿ ಅವನು ಕಾದ ಎಂದು ನನ್ನ ಭಾವನೆ. ಬಹುಶಃ ಟವೆಲನ್ನು ತಲೆಗೆ ಸುತ್ತಿಕೊಳ್ಳುತ್ತಿದ್ದ, ಅಷ್ಟೆ. ಕಾಫಿ ಕುಡಿದು ಹೋಗು ಎಂದೆ. ಬಿಸಿಲೇರುತ್ತದೆ ಎಂದು ಟ್ರ್ಯಾಕ್ಟರು ತಿರುಗಿಸಿಕೊಂಡು ಹೋದ.

ಮಾರನೆಯ ದಿನ ಕಾರಿನಲ್ಲಿ ದೊಡ್ಡಬಳ್ಳಾಪುರಕ್ಕೆ ಹೊರಟಾಗ ದಾರಿಯಲ್ಲಿ ರಾಗಿ ಹರಡಿತ್ತು. ಈಗ ಬಹಳ ಮಂದಿ ಹಾಗೆಯೇ ಮಾಡುತ್ತಾರೆ, ತೆನೆಯನ್ನು ಟಾರು ರಸ್ತೆಗೆ ಹಾಸಿ ಬಸ್ಸು ಲಾರಿಗಳಿಂದ ತುಳಿಸುತ್ತಾರೆ. ಅಣ್ಣ ಅದನ್ನು ಸದಾ ಬೈಯುತ್ತಿದ್ದ, ತಿನ್ನುವ ಅನ್ನವನ್ನು ಟೈರಿನ ಕೆಳಗೆ ಹಾಕುತ್ತಾರೆ ಎಂದು. ಆ ದಿನ ಕವೆಗೋಲು ಹಿಡಿದು ರಸ್ತೆಯ ಬದಿಗೆ ನಿಂತವನು ಅವನೇ. ಪಕ್ಕದಲ್ಲಿ ಹಾದುಹೋಗಲು ಜಾಗವಿರಲಿಲ್ಲ. ಎಲ್ಲ ವಾಹನಗಳಿಗೂ ಮಾಡುವಂತೆ ನನಗೂ ಕೈ ಬೀಸಿದ, ನಿಲ್ಲಬೇಡ, ಮೇಲೇ ಹೋಗು ಎಂದು. ಹೋದೆ. ಚಕ್ರದ ಕೆಳಗೆ ತೆನೆ ಸಣ್ಣಗೆ ಸಿಡಿಯುತ್ತಿತ್ತು.

ಈಗ ರಾಗಿಗೂ ಯಂತ್ರ ಬಂದಿದೆ, ಹೊಲದಲ್ಲೇ ಕೊಯ್ದು ಅಲ್ಲೇ ಕಾಳು ಬಿಡಿಸಿಕೊಡುತ್ತದೆ. ಕಣ ಇನ್ನು ಯಾರಿಗೆ ಬೇಕು, ಸುಮ್ಮನೆ ಕೊರಗಬೇಡ ಎಂದು ನನ್ನ ಗಂಡ ಹೇಳುತ್ತಾರೆ. ಅವರ ಮಾತು ಸರಿ. ಕಣವಿದ್ದಿದ್ದರೂ ಅಣ್ಣ ಇನ್ನೊಂದೆರಡು ಸುಗ್ಗಿಗಷ್ಟೇ ಬರುತ್ತಿದ್ದನೇನೋ. ಆ ಒಂದೆರಡು ಸುಗ್ಗಿಗಳೇ ನನಗೆ ಬೇಕಾಗಿದ್ದವು.

ಆ ಸುಗ್ಗಿಯ ನಂತರದ ಗೌರಿ ಹಬ್ಬಕ್ಕೆ ಅವನು ತಪ್ಪದೆ ತವರಿನ ಬಾಗಿನ ತಂದ. ಬೈಕು ಗೇಟಿನ ಹೊರಗೆ ನಿಲ್ಲಿಸಿ, ಚಪ್ಪಲಿ ಕಳಚಿ, ಮೊರ ಎದೆಗೆ ಒತ್ತಿಕೊಂಡು ಒಳಗೆ ಬಂದ. ನೇರವಾಗಿ ಬಾಗಿಲಿಗೆ ಬರದೆ ಹುಲ್ಲಿನ ಅಂಚು ಹಿಡಿದು, ಕಾಂಪೌಂಡಿನ ಗೋಡೆಗೆ ಹೆಗಲು ತಾಗಿಸುತ್ತ, ಬೇರೆಯವರ ಪೈರು ತುಳಿಯದಂತೆ ಬದುವಿನ ಮೇಲೆ ನಡೆಯುವವನ ಹಾಗೆ ಒಂದೊಂದೇ ಹೆಜ್ಜೆ ಇಡುತ್ತ ಬಂದ.

‘ಮೇಲೇ ಬಾರಣ್ಣ, ಅದಕ್ಕೇನೂ ಆಗಲ್ಲ,’ ಎಂದೆ.

‘ಇರ್ಲಿ ಇರ್ಲಿ, ಕಾಲೆಲ್ಲ ಮಣ್ಣಾಗದೆ,’ ಅಂದ. ಬಾಗಿನ ಕೊಟ್ಟು, ನಾನು ನಮಸ್ಕಾರ ಮಾಡುವಾಗ ತಲೆಯ ಮೇಲೆ ಕೈಯಿಟ್ಟು, ಬಂದ ದಾರಿಯಲ್ಲೇ ಗೋಡೆಯುದ್ದಕ್ಕೂ ಹಿಂದಿರುಗಿ ನಡೆದ.