ಬೋರಲು ಹಾಕಿದ ಮೂರು ಲೋಟ

ಸತ್ತವರು ಬಂದು ಹೋಗುತ್ತಾರೆ ಎಂಬಂಥ ಮಾತನ್ನು ಯಾರಾದರೂ ತೆಗೆದರೆ ನಕ್ಕುಬಿಡುವವಳು ನಾನು. ಯಲ್ಲಾಪುರದಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಪಾಠ ಮಾಡುತ್ತೇನೆ. ಅರಬೈಲ್ ಘಟ್ಟದ ತಿರುವಿನಲ್ಲಿ ಬಿಳಿ ಸೀರೆಯವಳನ್ನು ಕಂಡೆವೆಂದು ಬಂದ ಎಷ್ಟೋ ಮಕ್ಕಳಿಗೆ, ಅದು ಮಂಜಿನ ಮೇಲೆ ಬಿದ್ದ ಲಾರಿಯ ಬೆಳಕು ಎಂದು ಬಿಡಿಸಿ ಹೇಳಿದ್ದೇನೆ. ಹಾಗಾಗಿ ಈಗ ಬರೆಯುವುದನ್ನು ಓದಿ ನೀವು ನಕ್ಕರೆ ನನಗೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೂ ನಗುತ್ತಿದ್ದೆ.

ಇದು ನಮ್ಮ ಪಾದ್ರಿಗಳ ವಿಷಯ. ನಮ್ಮ ಎಂದೆನೇ ಹೊರತು ನಾವು ಅವರ ಇಗರ್ಜಿಗೆ ಸೇರಿದವರಲ್ಲ, ಮಡಿ ಮೈಲಿಗೆ ಬಿಡದ ಹವ್ಯಕರ ಮನೆ ನಮ್ಮದು. ಅಪ್ಪ ಬಸ್ ಕಂಡಕ್ಟರ್ ಆಗಿದ್ದಾಗ ಪಾದ್ರಿಗಳು ಅವನ ಬಸ್ಸಿನ ಕಾಯಂ ಗಿರಾಕಿ. ಅಪ್ಪನಿಗೆ ಲಕ್ವಾ ಹೊಡೆದು ಎಡಗಾಲು ಬಿದ್ದುಹೋಯಿತೆಂದು ಕೇಳಿ ನೋಡಲು ಬಂದವರು, ಮರುವಾರ ಎಣ್ಣೆಯ ಬಾಟಲಿ ಹಿಡಿದುಕೊಂಡೇ ಬಂದರು. ಆಮೇಲೆ ಪ್ರತಿ ಗುರುವಾರ ಸಂಜೆ ಬರುವುದು ರೂಢಿಯಾಯಿತು. ಜಗಲಿಯಲ್ಲಿ ಕುಳಿತು ಅಪ್ಪನ ಕಾಲನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ತಿಕ್ಕುವರು, ಹೆಗಲು ಕೊಟ್ಟು ಆ ತುದಿಯಿಂದ ಈ ತುದಿಗೆ ನಡೆಸುವರು. ಹೆತ್ತ ಮಗಳು ನಾನು, ನನಗೇ ಅಷ್ಟು ತಾಳ್ಮೆ ಇರಲಿಲ್ಲ.

ಆಯಿಗೆ, ಅಂದರೆ ನನ್ನ ಅಮ್ಮನಿಗೆ, ಮೊದಮೊದಲು ಅನುಮಾನ. ಮತಾಂತರ ಮಾಡಲು ಬಂದರೇನೋ ಎಂದು ಒಮ್ಮೆ ಅವರನ್ನೇ ಕೇಳಿಬಿಟ್ಟಳು. ಪಾದ್ರಿಗಳು ತಿಕ್ಕುವ ಕೈ ನಿಲ್ಲಿಸಲಿಲ್ಲ. "ಇವರು ನಡೆದ್ರೆ ಸಾಕು ಅಮ್ಮಾ. ನಡೆದು ನಿಮ್ಮ ದೇವಸ್ಥಾನಕ್ಕೇ ಹೋಗ್ಲಿ" ಎಂದರು. ವರ್ಷ ತುಂಬುವುದರೊಳಗೆ ಅಪ್ಪ ಕೋಲೂರಿಕೊಂಡು ದೇವಸ್ಥಾನಕ್ಕೆ ಹೋಗಿಬಂದ. ಆ ಸಂಜೆ ನಮ್ಮೆಲ್ಲರಿಗಿಂತ ಹೆಚ್ಚು ಖುಷಿಪಟ್ಟವರು ಪಾದ್ರಿಗಳೇ.

ಇಷ್ಟಾದರೂ ಅವರಿಗೆ ಚಹಾ ಮಾತ್ರ ಜಗಲಿಯಲ್ಲೇ, ಗೋಡೆಯ ಗೂಡಿನಲ್ಲಿ ಅವರಿಗೆಂದು ಬೇರೆ ಇಟ್ಟ ಪಿಂಗಾಣಿ ಕಪ್ಪಿನಲ್ಲಿ. ಗಂಡನ ಕಾಲು ಮುಟ್ಟಬಹುದು, ಮನೆಯ ಲೋಟದಲ್ಲಿ ಕುಡಿಯಬಾರದು. ಇದು ಯಾವ ಶಾಸ್ತ್ರವೋ ನಾನರಿಯೆ. ಆಯಿಯೊಡನೆ ಎಷ್ಟು ಜಗಳವಾಡಿದರೂ ನಾನೇ ಸೋತೆ. ಪಾದ್ರಿಗಳು ಮಾತ್ರ ಕುಡಿದಾದ ಮೇಲೆ ತಮ್ಮ ಕಪ್ಪಿನ ಜೊತೆ ನಮ್ಮ ಲೋಟಗಳನ್ನೂ ಎತ್ತಿಕೊಂಡು, ಮನೆಯನ್ನು ಹೊರಗಿನಿಂದ ಸುತ್ತಿ ಹಿತ್ತಿಲಿಗೆ ಹೋಗಿ, ಎಲ್ಲವನ್ನೂ ತೊಳೆದು ಕಲ್ಲಿನ ಮೇಲೆ ಬೋರಲು ಹಾಕುವರು. ತಮ್ಮ ಕಪ್ಪನ್ನು ಉಳಿದವುಗಳಿಂದ ಒಂದು ಗೇಣು ದೂರ ಇಡುವರು. ಅವರು ಹೋದ ಮೇಲೆ ಆಯಿ ನಮ್ಮ ಲೋಟಗಳನ್ನು ಮತ್ತೆ ತೊಳೆಯುತ್ತಾಳೆಂದು ಅವರಿಗೆ ಗೊತ್ತಿತ್ತು. ಒಮ್ಮೆ ನಾನು ನಾಚಿಕೆ ತಡೆಯಲಾರದೆ, "ಬಿಡಿ ಫಾದರ್, ನೀವ್ಯಾಕೆ ತೊಳೀತೀರಿ" ಎಂದೆ. "ನಮ್ಮ ಗುರುಗಳು ಶಿಷ್ಯರ ಕಾಲನ್ನೇ ತೊಳೆದವರು. ನಂದು ಬರೀ ಲೋಟ" ಎಂದು ನಕ್ಕರು. ಅವರ ಬಾಯಿಂದ ನಾನು ಕೇಳಿದ ಧರ್ಮಬೋಧೆ ಅದೊಂದೇ.

ಅಪ್ಪ ತೀರಿಕೊಂಡ ಮೇಲೆ ಇನ್ನು ಬರಲಿಕ್ಕಿಲ್ಲ ಎಂದುಕೊಂಡೆವು. ಗುರುವಾರ ತಪ್ಪಲಿಲ್ಲ. ಆಯಿಯ ಮಂಡಿನೋವು ವಿಚಾರಿಸಿ, ಅದೇ ಕಪ್ಪಿನಲ್ಲಿ ಚಹಾ ಕುಡಿದು, ತೊಳೆದಿಟ್ಟು ಹೋಗುವರು. ಆಯಿ ಒಳಗೊಳಗೇ ಕರಗಿದ್ದು ಆಗ. ಅವಳದನ್ನು ಬಾಯಿಬಿಟ್ಟು ಹೇಳುವ ಹೊತ್ತಿಗೆ ಪಾದ್ರಿಗಳು ಶಿರಸಿಯ ಆಸ್ಪತ್ರೆ ಸೇರಿದ್ದರು. ಕೆಲವು ವಾರ ಕಳೆದು, ಗುಣವಾಗಿದೆ, ಈ ಗುರುವಾರ ಚಹಾಕ್ಕೆ ಬರುತ್ತೇನೆ ಎಂದು ಅವರೇ ಫೋನು ಮಾಡಿದರು.

ಅಂದು ಬೆಳಗ್ಗೆ ಆಯಿ ಗೂಡಿನ ಕಪ್ಪನ್ನು ತೆಗೆದು ತಿಪ್ಪೆಗೆ ಎಸೆದು ಬಂದಳು. "ಒಳಗೇ ಕೂರ್ಸವು. ಇಷ್ಟು ವರ್ಷ ಹೊರಗೆ ಕೂರ್ಸಿದ್ದು ಸಾಕು" ಎಂದಳು. ನಾನು ಬೇಕೆಂದೇ, "ಮಡಿ ಎಂತ ಆತು?" ಎಂದು ಕೆಣಕಿದೆ. "ನಿನ್ನ ಅಪ್ಪನ್ನ ನಡೆಸಿದ ಕೈ ಅದು" ಎಂದಷ್ಟೇ ಹೇಳಿ ಅಡಿಗೆಮನೆಗೆ ಹೋದಳು.

ಸಂಜೆ ಗೇಟು ಕಿರುಗುಟ್ಟಿತು. "ಬೈಂದ್ರು ಕಾಣ್ತು, ನೋಡು" ಎಂದು, ಪಾದ್ರಿಗಳು ಬಂದರೆಂದೇ ತಿಳಿದು ಆಯಿ ಚಹಾ ಸೋಸಿ, ಒಂದೇ ಥರದ ಮೂರು ಸ್ಟೀಲ್ ಲೋಟಗಳಿಗೆ ಹೊಯ್ದು ನಡುಮನೆಯಲ್ಲಿ ಇಟ್ಟಳು. ಹೊರಗೆ ಹೋಗಿ ನೋಡಿದರೆ ಯಾರೂ ಇರಲಿಲ್ಲ. ಅಷ್ಟರಲ್ಲಿ ಕೈಲಿದ್ದ ಫೋನು ಬಡಿದುಕೊಂಡಿತು. ನಮ್ಮಲ್ಲಿ ಗೇಟಿನ ಹತ್ತಿರ ಮಾತ್ರ ಮಾತಾಡುವಷ್ಟು ನೆಟ್‌ವರ್ಕ್ ಸಿಗುವುದು, ಅಲ್ಲಿಗೆ ಓಡಿದೆ. ಇಗರ್ಜಿಯಿಂದ ಕರೆ. ಮಧ್ಯಾಹ್ನ ಆಸ್ಪತ್ರೆಯಿಂದ ಹೊರಡುವ ತಯಾರಿಯಲ್ಲಿದ್ದಾಗಲೇ ಪಾದ್ರಿಗಳು ತೀರಿಕೊಂಡರಂತೆ. ನನ್ನ ಹಿಂದೆಯೇ ಬಂದಿದ್ದ ಆಯಿ ಅಲ್ಲೇ ನೆಲಕ್ಕೆ ಕುಳಿತಳು. ಇಬ್ಬರೂ ಅತ್ತೆವು. ಎಷ್ಟು ಹೊತ್ತು ಅಲ್ಲಿದ್ದೆವೋ ನೆನಪಿಲ್ಲ.

ಒಳಗೆ ಬಂದಾಗ ನಡುಮನೆಯಲ್ಲಿ ಲೋಟಗಳಿರಲಿಲ್ಲ.

ಮೂರೂ ಹಿತ್ತಿಲ ಕಲ್ಲಿನ ಮೇಲಿದ್ದವು. ತೊಳೆದು ಬೋರಲು ಹಾಕಿತ್ತು, ಇನ್ನೂ ನೀರು ಇಳಿಯುತ್ತಿತ್ತು. ಒಂದಕ್ಕೊಂದು ತಾಗಿಕೊಂಡಿದ್ದವು; ಯಾವುದೂ ಗೇಣು ದೂರ ಇರಲಿಲ್ಲ.

"ಆನು ಮುಟ್ಟಿದ್ನಿಲ್ಲೆ" ಎಂದಳು ಆಯಿ. ಅವಳು ನನ್ನ ಪಕ್ಕದಿಂದ ಕದಲಿರಲಿಲ್ಲ, ನನಗೇ ಗೊತ್ತು. ಅಕ್ಕಪಕ್ಕದವರನ್ನು ಕೇಳಿದೆ, ಯಾರೂ ಬಂದಿರಲಿಲ್ಲ. ಕಳ್ಳನೆನ್ನೋಣವೆಂದರೆ, ಬರೀ ಲೋಟ ತೊಳೆದು ಹೋಗುವ ಕಳ್ಳ ಎಲ್ಲಿದ್ದಾನೆ? ದುಃಖದಲ್ಲಿ ನಾನೇ ತೊಳೆದು ಮರೆತೆನೆಂದು ನಂಬಲು ಬಹಳ ಪ್ರಯತ್ನಪಟ್ಟೆ. ನಂಬಿಕೆ ಬರಲಿಲ್ಲ.

ವರ್ಷಗಳಾದವು. ಯಾರು ತೊಳೆದರೆಂದು ಆಯಿ ಒಮ್ಮೆಯೂ ಕೇಳಿದವಳಲ್ಲ. ಅವಳಿಗೆ ಅದರಲ್ಲಿ ಸಂಶಯವೇ ಇಲ್ಲ. ಅವಳನ್ನು ಕಾಡುವುದು ಅವರು ಹೋದ ದಾರಿ. ನಡುಮನೆಯಿಂದ ಹಿತ್ತಿಲಿಗೆ ಹೋಗಲು ಎರಡು ದಾರಿ. ಒಂದು ಅಡಿಗೆಮನೆ ಹಾದು ಹಿತ್ತಿಲ ಬಾಗಿಲಿನಿಂದ, ಇನ್ನೊಂದು ಜಗಲಿ ಇಳಿದು ಹೊರಗಿನಿಂದ, ಪಾದ್ರಿಗಳು ಅಷ್ಟು ವರ್ಷ ಸುತ್ತಿದ ದಾರಿ. ನಾವು ಲೋಟ ಹುಡುಕಿಕೊಂಡು ಹೋದಾಗ ಹಿತ್ತಿಲ ಬಾಗಿಲಿನ ಚಿಲಕ ತೆಗೆದೇ ಇತ್ತು. ಬೆಳಗ್ಗೆ ಬಟ್ಟೆ ಒಣಹಾಕಲು ಹೋದ ನಾನು ಅದನ್ನು ಮತ್ತೆ ಹಾಕಿದ್ದೆನೇ? ಹಾಕಿದ್ದರೆ, ಒಳಗಿನಿಂದ ಯಾರೋ ಅದನ್ನು ತೆಗೆದಿರಬೇಕು.

ಈಗಲೂ ಗುರುವಾರ ಸಂಜೆ ಚಹಾ ಕುಡಿದು ಲೋಟ ಕೆಳಗಿಡುವಾಗ ಆಯಿ ಕೇಳುತ್ತಾಳೆ: "ಕೂಸೇ, ಅವ್ರು ಅಡಿಗೆಮನೆ ಹಾದು ಹೋದ್ರ, ಹೊರಗಿಂದನೇ ಸುತ್ತಿ ಹೋದ್ರ?"

ನಾನು ಆ ಚಿಲಕವನ್ನು ನೆನಪು ಮಾಡಿಕೊಳ್ಳಲು ನೋಡುತ್ತೇನೆ. ನೆನಪಾಗುವುದಿಲ್ಲ.