ಮುರಿದಿಲ್ಲವೆಂದ ಸರಳು

ಮುರಿದ ಸರಳನ್ನು ಮುರಿದಿಲ್ಲವೆಂದು ಹೇಳಿದವನು ನಾನು. ಹೇಳಿದ್ದು ಭಾಗ್ಯಳಿಗೆ — ಈಗ ನನ್ನ ಹೆಂಡತಿ, ಆಗ ಒಂದೇ ಪ್ರಯೋಗಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದ ಜೊತೆಗಾರ್ತಿ.

ಅವಳು ಸಿಂಧಘಟ್ಟದ ಬೇಸಾಯಗಾರರ ಮಗಳು, ನಾನು ನಾಗಮಂಗಲದ ಕಮ್ಮಾರರ ಮನೆಯವನು. ಕಾರ್ಖಾನೆಯ ಹೊಗೆಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹಿಡಿದು, ನೆಲದಾಳದಲ್ಲಿ ಉಪ್ಪುನೀರು ತುಂಬಿದ ಬಂಡೆಗಳೊಳಗೆ ಇಳಿಸಿ ಬಚ್ಚಿಡುವ ಉಪಾಯವಿದೆಯಲ್ಲ — ಹಾಗೆ ಇಳಿಸುವ ಕೊಳವೆಯ ಸ್ಟೀಲು ಎಷ್ಟು ಕಾಲ ತಾಳುತ್ತದೆ ಎಂಬುದು ಅವಳ ವಿಷಯ. ತುಕ್ಕು ಹಿಡಿಯದೆಂದು ನಾವು ನಂಬುವ ಸ್ಟೀಲು ಕೂಡ, ಆ ಅನಿಲ ಬೆರೆತ ಬಿಸಿ ಉಪ್ಪುನೀರಿನಲ್ಲಿ ಹಿಂದೆಮುಂದೆ ಜಗ್ಗಿಸಿಕೊಂಡು ದಣಿಯುತ್ತದೆ. ಎಲ್ಲೋ ಕೂದಲಿನಷ್ಟು ಬಿರುಕು ಬಿಟ್ಟು, ಒಂದು ದಿನ ಪಟ್ಟನೆ ಮುರಿಯುತ್ತದೆ. ಬೆರಳುಗಾತ್ರದ ಸರಳನ್ನು ಯಂತ್ರಕ್ಕೆ ಕಚ್ಚಿಸಿ, ಎಷ್ಟು ಸಲ ಜಗ್ಗಿದ ಮೇಲೆ ಮುರಿಯುತ್ತದೆಂದು ಎಣಿಸುತ್ತ ಅವಳು ಹಾಡಿಕೊಂಡು ಕೂರುತ್ತಿದ್ದಳು. ಆ ಹಾಡು ಕೇಳಲೆಂದೇ ನನಗೆ ಅಲ್ಲಿ ಇಲ್ಲದ ಕೆಲಸ ಹುಟ್ಟುತ್ತಿತ್ತು.

ಅದು ಕೊನೆಯ ಸರಳು. ಮುರಿದರೆ ಅವಳ ಕೆಲಸ ಮುಗಿಯಿತು — ಊರಿಗೆ ಹೊರಟುಬಿಡುತ್ತಾಳೆ. ಅಕ್ಕನ ಸೀಮಂತಕ್ಕೆ ಹೋಗುವಾಗ ಯಂತ್ರವನ್ನು ನನಗೆ ಒಪ್ಪಿಸಿದ್ದಳು. ಆಗಲೇ ಮುರಿಯಿತು. ತುಂಡುಗಳನ್ನು ಗುಜರಿಗೆ ಎಸೆದು, ಅಂಥದೇ ಇನ್ನೊಂದು ಸರಳು ಕೂರಿಸಿ — ಎಣಿಕೆಯನ್ನು ಮಾತ್ರ ಹಳೆಯದರಿಂದಲೇ ಮುಂದುವರಿಸಿದೆ.

"ಇನ್ನೂ ಮುರುದಿಲ್ಲ ಕಣ್ರೀ," ಅಂದೆ, ಅವಳು ಬಂದಾಗ.

"ಇಷ್ಟು ದಿನ ತಡ್ಕಂಡೈತಾ!" ಎಂದು ಕುಣಿದಾಡಿದಳು.

ಅದು ಮುರಿಯುವುದನ್ನು ಕಾಯುತ್ತ ಇಬ್ಬರೂ ಕೂತೆವು. ಕಾಯುತ್ತಲೇ ಮದುವೆಯ ಮಾತೂ ಆಯಿತು. ಕೊನೆಗೆ ಅದೂ ಮುರಿದಾಗ, ಎರಡು ಸರಳುಗಳ ಆಯಸ್ಸು ಒಂದರದೆಂದು ಅವಳ ಪ್ರಬಂಧಕ್ಕೆ ಸೇರಿತು. ನಾನು ಸುಖವಾಗಿದ್ದೆ. ಬಾಯಿ ಬಿಡಲಿಲ್ಲ — ವರ್ಷಗಟ್ಟಲೆ.

ಈಚೆಗೆ ಪಾಂಡವಪುರದ ನಮ್ಮ ಮನೆಯಲ್ಲಿ ಅವಳು ಒಬ್ಬಟ್ಟು ತಟ್ಟುತ್ತಿದ್ದಳು. ಬೆಳಗ್ಗೆ ಫೋನು ಬಂದಿತ್ತು: ಅನಿಲವನ್ನು ನೆಲದಾಳಕ್ಕೆ ಇಳಿಸುವ ಬಾವಿಯೊಂದಕ್ಕೆ ಕೊಳವೆ ಆರಿಸುವವರು ಅವಳ ಫಲಿತಾಂಶವನ್ನೇ ನೆಚ್ಚಿ ಆ ಸ್ಟೀಲು ಹಾಕುವರಂತೆ.

"ನನ್ ಸ್ಟೀಲು ಭೂಮಿಗಿಳೀತೈತೆ ಕಣ್ರೀ!" ಹಿಟ್ಟಿನ ಕೈಯಲ್ಲೇ ನನ್ನ ಕೆನ್ನೆ ಹಿಂಡಿದಳು.

ಅಷ್ಟು ಸಂತೋಷದ ಎದುರು — ಹೇಳಿದೆ. ಎಲ್ಲವನ್ನೂ.

ಮೊದಲು ಅವಳಿಗೆ ನಗು ಬಂತು, ತಡೆಯಲಾರದ ನಗು. "ಅಲ್ಲಾ, ನನ್ನ ಉಳುಸ್ಕಳಕೆ ಆ ಸ್ಟೀಲ್ ಕೈಲಿ ಸುಳ್ಳೇಳ್ಸುದ್ರಾ! ಬಾಯ್ಬುಟ್ಟು ಕೇಳಿದ್ರೆ ಉಳ್ಕತಿದ್ನಲ್ರೀ."

ಆಮೇಲೆ ನಗು ನಿಂತಿತು. ಕಾವಲಿಯ ಮೇಲೆ ಒಬ್ಬಟ್ಟು ಸೀಯುತ್ತಿದ್ದರೂ ತಿರುಗಿಸಲಿಲ್ಲ.

"ಅದು ಮುರುದಿದ್ದೇ ನನ್ ಉತ್ತರ ಆಗಿತ್ತು. ಫೋನ್ ಮಾಡಿ. ನೀವೇ ಹೇಳಿ."

ಮಾಡಿದೆ. ಆ ಕಡೆಯವರು, ಕೊಳವೆಯ ಆರ್ಡರು ನಿಲ್ಲಿಸುತ್ತೇವೆ, ಮತ್ತೆ ಪರೀಕ್ಷೆ ಮಾಡಿಕೊಡಿ ಎಂದರು.

ಮಾಡಿದೆವು — ಅಂದರೆ ಅವಳು ಮಾಡಿದಳು. ಯಂತ್ರವನ್ನು ನನಗೆ ಮುಟ್ಟಗೊಡಲಿಲ್ಲ. "ನೀವು ಟೀ ತತ್ತಾ ಇರಿ, ಅಷ್ಟೇ ಸಾಕು," ಎಂದಳು. ನಿನ್ನೆ ಸರಳು ಅವಳ ಕಣ್ಣೆದುರೇ ಮುರಿಯಿತು, ಪ್ರಬಂಧ ಹೇಳಿದ್ದಕ್ಕಿಂತ ಎಷ್ಟೋ ಮೊದಲೇ. "ಮುರುದೋಯ್ತು!" ಎಂದು ಕೂಗಿ, ತುಂಡುಗಳನ್ನು ಬೆಳಕಿಗೆ ಹಿಡಿದು, ಬಿರುಕು ಹುಟ್ಟಿದ ಜಾಗವನ್ನು ನನಗೂ ತೋರಿಸಿದಳು. ಹಬ್ಬದ ಮುಖ ಅದು. ಆ ಮುಖ ಅವಳಿಗೆ ಅಂದೇ ಬರಬೇಕಿತ್ತು —

ಹೊಸ ವರದಿಯಲ್ಲಿ, ಹಳೆಯ ಫಲಿತಾಂಶ ತಪ್ಪು, ಆ ತಪ್ಪು ನನ್ನದು ಎಂಬ ಸಾಲನ್ನು ನಾನೇ ಬರೆದಿದ್ದೇನೆ, ನನ್ನ ಹೆಸರು ಹಾಕಿ. ಯಾಕೆ ಮಾಡಿದೆ ಎಂದು ಬರೆದಿಲ್ಲ.