ಮಲ್ಲಕ್ಕ ಸ್ಲ್ಯಾಬ್ ನಿಲ್ಲಿಸಿದ ದಿನ

ಕೂಲಿಗಳ ಗುತ್ತಿಗೆ ಹಿಡಿಯುವ ಮುಕಾದಮ ಸಂಗಪ್ಪ ತಾನೇ ನಡೆದು ಬಂದದ್ದನ್ನು ಕಂಡಾಗಲೇ ಅವನ ಗತಿ ಕೆಟ್ಟಿದೆಯೆಂದು ಮಲ್ಲಕ್ಕನಿಗೆ ಗೊತ್ತಾಯಿತು. ಘಾಟ್ಕೋಪರ್ ಸ್ಟೇಷನ್ನಿನ ಹೊರಗೆ ಕೂಲಿಯವರು ಬೆಳಿಗ್ಗೆ ಕೆಲಸಕ್ಕೆ ಕಾಯುವ ಆ ನಾಕಾಕ್ಕೆ ಅವನು ಯಾವತ್ತೂ ಆಳನ್ನು ಕಳಿಸುತ್ತಿದ್ದವನು. ಇಂದು ಗಡ್ಡ ಬೋಳಿಸಿರಲಿಲ್ಲ. ಕೇಳದಿದ್ದರೂ ಹೆಂಗಸರಿಗೆಲ್ಲ ಚಹಾ ಹೇಳಿದ. ಯಾರೂ ಮಾತಾಡಿಸದಿದ್ದರೂ ನಗುತ್ತಿದ್ದ.

"ಮಲ್ಲಕ್ಕಾ, ಇವತ್ತ ಸ್ಲ್ಯಾಬ್ ಬೀಳಾಕs ಬೇಕು. ಇಲ್ಲಾಂದ್ರ ಶೇಠ್ ಬಿಲ್ಡಿಂಗ್ ಬ್ಯಾರೇದವ್ರಿಗೆ ಕೊಡ್ತಾನ. ನಿನ್ನ ಹೆಣ್ಮಕ್ಕಳನ್ನ ಕರ್ಕೊಂಡು ಬಾ."

ಏಳು ವರ್ಷಗಳ ಹಿಂದೆ, ೧೯೬೯ರಲ್ಲಿ, ಭಾಂಡುಪಿನಲ್ಲಿ ಇದೇ ಸಂಗಪ್ಪನ ಕೆಲಸದಲ್ಲಿ ಅವಳ ಗಂಡ ಬಂಡೆಪ್ಪ ಮೂರನೇ ಮಾಳಿಗೆಯಿಂದ ಬಿದ್ದು ಸತ್ತಿದ್ದ. ನಿಲ್ಲಲು ಕಟ್ಟಿದ್ದ ಬಿದಿರು ಕೊಳೆತಿತ್ತು. ಪೊಲೀಸರು ಬಂದಾಗ ಸಂಗಪ್ಪ, "ಇಂವ ಯಾವನೋ ದಾರಿಹೋಕ, ಕುಡದು ಮ್ಯಾಲ ಹತ್ಯಾನ" ಎಂದುಬಿಟ್ಟ. ಮಲ್ಲಕ್ಕ ಕೂಗಾಡಲಿಲ್ಲ, ಗುಲ್ಬರ್ಗಾದ ಕಡೆ ತಿರುಗಿ ಹೋಗಲೂ ಇಲ್ಲ. ಜೋಗೇಶ್ವರಿಯಿಂದ ಭಾಂಡುಪಿನವರೆಗೆ ಮಣ್ಣು ಹೊತ್ತಳು, ಅರೆಬರೆ ಮರಾಠಿ ಕಲಿತಳು, ಊರಿಂದ ಹೊಸದಾಗಿ ಬಂದ ಹೆಂಗಸರಿಗೆ ಇರಲು ಜಾಗ ಹುಡುಕಿಕೊಟ್ಟಳು. ಈಗ ಅವಳು ಏಳೆಂದರೆ ಮೂವತ್ತು ಜನ ಏಳುತ್ತಿದ್ದರು.

"ಬರ್ತೀವಿ ತಗೋ," ಎಂದಳು. ಏನು ಮಾಡಬೇಕೆಂಬುದು ಚಹಾ ಮುಗಿಯುವಷ್ಟರಲ್ಲಿ ತೀರ್ಮಾನವಾಗಿತ್ತು.

ಮಧ್ಯಾಹ್ನಕ್ಕೆ ಅರ್ಧ ಸ್ಲ್ಯಾಬಿನ ಕಾಂಕ್ರೀಟು ಬಿದ್ದಿತ್ತು. ಹಾಕಿದ್ದು ಗಟ್ಟಿಯಾಗುವ ಮೊದಲೇ ಉಳಿದದ್ದೂ ಬೀಳಬೇಕು. ನಡುವೆ ನಿಂತರೆ ಎಲ್ಲ ಒಡೆದು ತೆಗೆಯಬೇಕು. ಮಲ್ಲಕ್ಕ ತಲೆಯ ಮೇಲಿನ ಬುಟ್ಟಿ ಕೆಳಗಿಟ್ಟಳು. ಹೆಂಗಸರೆಲ್ಲ ಇಟ್ಟರು.

ಸಂಗಪ್ಪ ಓಡಿ ಬಂದ. ಶೇಠ್‌ನ ಇಂಜಿನಿಯರ್ ಕೇಶವಮೂರ್ತಿ, ಮೈಸೂರಿನವರು, ಅಲ್ಲೇ ನಿಂತಿದ್ದರು.

"ಸಾಹೇಬ್ರ ಮುಂದ ಹೇಳು," ಎಂದಳು ಮಲ್ಲಕ್ಕ. "ಬಂಡೆಪ್ಪ ಯಾರ ಆಳು?"

ಸಂಗಪ್ಪ ಮಿಕ್ಸರ್ ನೋಡಿದ, ಬಿಸಿಲು ನೋಡಿದ. "ನನ್ನ ಆಳು," ಎಂದ. "ಬಿದಿರು ಕೊಳತದ್ದು ನನಗ ಗೊತ್ತಿತ್ತು. ಈಗ ಎತ್ತವ್ವಾ, ಕಾಲಿಗೆ ಬೀಳ್ತೀನಿ."

"ಏನ್ರೀ ಇದು?" ಎಂದರು ಕೇಶವಮೂರ್ತಿ. ಸಂಗಪ್ಪ ಆಗಲೇ ಬಗ್ಗಿದ್ದ. ಮಲ್ಲಕ್ಕ ಕಾಲು ಹಿಂದಕ್ಕೆಳೆದುಕೊಂಡಳು.

"ನಡೀರೇ," ಎಂದಳು ಹೆಂಗಸರಿಗೆ. ಬುಟ್ಟಿಗಳನ್ನು ಅಲ್ಲೇ ಬಿಟ್ಟು ಎಲ್ಲರೂ ಹೊರಟರು.

ಸ್ಲ್ಯಾಬ್ ಒಡೆಯಲು ಎರಡು ದಿನ ಹಿಡಿಯಿತು. ಶೇಠ್ ಕೆಲಸವನ್ನು ಬೇರೆಯವರಿಗೆ ಕೊಟ್ಟ. ಸಂಗಪ್ಪ ಇನ್ನೊಬ್ಬ ಮುಕಾದಮನ ಕೈಕೆಳಗೆ ಸಿಮೆಂಟು ಚೀಲ ಹೊರುತ್ತಿದ್ದಾನೆಂಬ ಸುದ್ದಿ ಮಳೆಗಾಲದೊಳಗೇ ಬಂತು. ಅದನ್ನು ಕೇಳಿ ಮಲ್ಲಕ್ಕ ಎಷ್ಟು ಚೀಲ, ಎಷ್ಟನೇ ಮಾಳಿಗೆಗೆ ಎಂದು ವಿಚಾರಿಸಿದಳು.

ಸ್ಲ್ಯಾಬ್ ಬಿಟ್ಟು ಬಂದ ಆ ಸಂಜೆ ಅವಳ ಜೊತೆಗಾತಿ ರಾಚವ್ವನಿಗೆ ಮಾತ್ರ ಅಸಮಾಧಾನವಾಗಿತ್ತು. "ಬಾಯಿ ಬಿಟ್ಟ ಮ್ಯಾಲ ಮುಗಿಸಿ ಕೊಡಬಹುದಿತ್ತು. ನಮ್ಮ ಪಗಾರನೂ ಹೋತು."

"ಅಂವ ಬಾಯಿ ಬಿಟ್ಟಿದ್ದು ಸ್ಲ್ಯಾಬಿನ ಸಲುವಾಗಿ," ಎಂದಳು ಮಲ್ಲಕ್ಕ.

ರಾಚವ್ವ ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ಇಬ್ಬರೂ ಒಂದೇ ಲೋಕಲ್ ರೈಲು ಹತ್ತಿದರು.